ಮೆಸೇಜ್ ಬಫರ್‌ನಲ್ಲಿ ಏನಿಡಬೇಕು, ಏನನ್ನು ಕೈಯಲ್ಲೇ ಟೈಪ್ ಮಾಡಬೇಕು

(ಹವ್ಯಾಸಿ ರೇಡಿಯೊ ಗೆಳೆಯರ ಮುಂದೆ ಆಡಿದ ಮಾತುಗಳು. ಬರೆಯುವಾಗ ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ನೋಡುವುದಕ್ಕೆ ತುಂಬ ಚಿಕ್ಕದು. ರೇಡಿಯೊ ಮೂಲಕ ಅಕ್ಷರ ಕಳಿಸುವ ಡೇಟಾ ಕಂಟ್ರೋಲರ್‌ನ ಬಫರ್‌ನಲ್ಲಿ, ಅಂದರೆ ಅದರ ನೆನಪಿನಲ್ಲಿ, ಒಂದಷ್ಟು ಸಂದೇಶಗಳನ್ನು ಮೊದಲೇ ತುಂಬಿಟ್ಟುಕೊಂಡು, ಬೇಕಾದಾಗ ಒಂದು ಕೀ ಒತ್ತಿ ಕಳಿಸುವುದು. ಕೈಪಿಡಿಯಲ್ಲಿ ಇದಕ್ಕೆ ಒಂದೋ ಎರಡೋ ಪುಟ ಸಿಗುತ್ತದೆ. ಹೇಗೆ ತುಂಬಬೇಕು, ಹೇಗೆ ಅಳಿಸಬೇಕು ಅಂತ ಅದರಲ್ಲಿ ಇರುತ್ತದೆ. ಏನು ತುಂಬಬೇಕು ಅನ್ನುವುದು ಇರುವುದಿಲ್ಲ. ಬ್ಯಾಂಡ್‌ನಲ್ಲಿ ಕೂತು ಬೇರೆಯವರ ಡೇಟಾ ಸಂಪರ್ಕಗಳನ್ನು ಸುಮ್ನೆ ಓದುತ್ತಾ ಹೋದರೆ, ಬಹಳಷ್ಟು ಕಿರಿಕಿರಿ ಅಲ್ಲಿಂದಲೇ ಶುರುವಾಗುವುದು ಕಾಣುತ್ತದೆ.

ನಾನು ಹೇಳಬೇಕಾದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಯಾರ ಜೊತೆ ಮಾತಾಡಿದರೂ ಬದಲಾಗದ ಮಾತು ಬಫರ್‌ನಲ್ಲಿ ಇರಲಿ. ಎದುರಿನವರಿಗಾಗಿಯೇ ಹೇಳುವ ಮಾತನ್ನು ಬೆರಳಿನಿಂದ ಟೈಪ್ ಮಾಡಿ. ಬಫರ್‌ನಲ್ಲಿ ಇಡುವುದನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಇಡಿ, ಮತ್ತು ಯಾವ ಮೋಡ್‌ನಲ್ಲಿ, ಅಂದರೆ ಯಾವ ಪ್ರಸಾರ ವಿಧಾನದಲ್ಲಿ, ಕಳಿಸುತ್ತೀರಿ ಅಂತ ನೋಡಿಕೊಂಡು ಬರೆಯಿರಿ. ಆರ್‌ಟಿಟಿವೈಗೆ (ರೇಡಿಯೊ ಟೆಲಿಟೈಪ್) ಬರೆದ ಸಂದೇಶ ಅಕ್ಷರಗಳನ್ನು ಕಟ್ಟುಕಟ್ಟಾಗಿ ಕಳಿಸುವ ಪ್ಯಾಕೆಟ್‌ಗೆ ಒಗ್ಗುವುದಿಲ್ಲ, ತಪ್ಪನ್ನು ತಾನೇ ತಿದ್ದಿಕೊಳ್ಳುವ ಆಮ್ಟರ್‌ಗೆ ಬರೆದದ್ದು ಆರ್‌ಟಿಟಿವೈಗೆ ಒಗ್ಗುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಉಳಿದ ಸಮಯವೆಲ್ಲ.

ಹೊಸಬರಿಗೆ ಒಂದು ಮಾತು. ಡೇಟಾ ಕಂಟ್ರೋಲರ್ ಅಂದರೆ ರಿಗ್‌ಗೂ (ನಮ್ಮ ರೇಡಿಯೊ ಸೆಟ್) ಕಂಪ್ಯೂಟರ್‌ಗೂ ನಡುವೆ ಕೂರುವ ಡಬ್ಬಿ. 1980ರ ದಶಕದಲ್ಲಿ ಬಂದ ಎಇಎ ಕಂಪನಿಯ ಪಿಕೆ-232 ಇದಕ್ಕೆ ಒಳ್ಳೆಯ ಉದಾಹರಣೆ. ಮೋರ್ಸ್, ಬಾಡೋ ಆರ್‌ಟಿಟಿವೈ, ಆಸ್ಕಿ, ಆಮ್ಟರ್, ಪ್ಯಾಕೆಟ್ ಎಲ್ಲವೂ ಆ ಒಂದೇ ಪೆಟ್ಟಿಗೆಯಲ್ಲಿ. ಬರೀ ಪ್ಯಾಕೆಟ್ ಸಾಕು ಅನ್ನುವವರಿಗೆ ಟಿಎಪಿಆರ್ ಸಂಸ್ಥೆಯ ಟಿಎನ್‌ಸಿ-2 ಇತ್ತು, ಅದು 1985ರದು. ಟಿಎನ್‌ಸಿ ಅಂದರೆ ಪ್ಯಾಕೆಟ್‌ನ ಕಂಟ್ರೋಲರ್. ಅದರ ಮಾದರಿಯಲ್ಲಿ ಎಷ್ಟೋ ಕಂಪನಿಗಳು ಟಿಎನ್‌ಸಿ ಮಾಡಿ ಮಾರಿದವು. ಈಗ ಸೌಂಡ್ ಕಾರ್ಡ್ ಮತ್ತು ಸಾಫ್ಟ್‌ವೇರ್ ಈ ಕೆಲಸವನ್ನೆಲ್ಲ ಮಾಡುತ್ತವೆ, ನಿಜ. ಆದರೆ ಅಲ್ಲೂ ಫಂಕ್ಷನ್ ಕೀಗಳ ಹಿಂದೆ ಇರುವುದು ಇದೇ ಬಫರ್. ನಾನು ಹೇಳುವುದು ಎರಡಕ್ಕೂ ಅನ್ವಯಿಸುತ್ತದೆ.

ಬಫರ್ ಅಂದಾಗ ಎರಡು ಬೇರೆ ಬೇರೆ ವಸ್ತುಗಳು ಕಲಸಿಹೋಗುತ್ತವೆ. ಒಂದು, ಮೊದಲೇ ಬರೆದಿಟ್ಟ ಸಂದೇಶ. ಇನ್ನೊಂದು, ಟ್ರಾನ್ಸ್‌ಮಿಟ್ ಬಫರ್, ಅಂದರೆ ಎದುರಿನವರು ಕಳಿಸುತ್ತಿರುವಾಗಲೇ ನೀವು ಟೈಪ್ ಮಾಡುತ್ತಾ ಹೋಗುವ ಮಾತು ಕೂತು ಕಾಯುವ ಜಾಗ. ಎಷ್ಟೋ ಕಡೆ ಕೊನೆಗೆ ಎರಡೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಮೊದಲು ಬಂದದ್ದು ಮೊದಲು ಹೋಗುತ್ತದೆ. ಹಾಗಾಗಿ ನೀವು ನಾಲ್ಕು ಸಾಲು ಉತ್ತರ ಟೈಪ್ ಮಾಡಿ ಮುಗಿಸಿ, ಆಮೇಲೆ ಕಾಲ್‌ಸೈನ್ (ಸ್ಟೇಷನ್ನಿನ ಗುರುತು) ಇರುವ ಆರಂಭದ ಸಂದೇಶದ ಕೀ ಒತ್ತಿದರೆ, ಆ ಆರಂಭ ಉತ್ತರದ ಬಾಲಕ್ಕೆ ಅಂಟಿಕೊಂಡು ಹೋಗುತ್ತದೆ. ಆರಂಭದ ಕೀ ಮೊದಲು ಒತ್ತಿ, ಆಮೇಲೆ ಟೈಪ್ ಮಾಡಿ. ಪಿಕೆ-232ರಲ್ಲಿ ಇಎಎಸ್ ಅನ್ನುವ ಆಜ್ಞೆ ಇದೆ. ಅದನ್ನು ಆನ್ ಮಾಡಿದರೆ ನೀವು ಒತ್ತಿದ ಅಕ್ಷರ ಆಗಲೇ ಕಾಣುವುದಿಲ್ಲ, ನಿಜವಾಗಿ ಪ್ರಸಾರ ಆದಾಗ ಮಾತ್ರ ಪರದೆಗೆ ಬರುತ್ತದೆ. ಹೊಸದಾಗಿ ಬಫರ್ ಬಳಸುವವರು ಇದನ್ನು ಆನ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಏನು ಹೋಗಿದೆ, ಏನು ಇನ್ನೂ ಕಾಯುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಕಾಯುತ್ತಿರುವುದು ಬೇಡ ಅನ್ನಿಸಿದರೆ ಟಿಕ್ಲಿಯರ್ ಕೊಟ್ಟು ಖಾಲಿ ಮಾಡಬಹುದು.

ಬರೆದಿಟ್ಟು ಕಳಿಸುವ ಅಭ್ಯಾಸ ಕಂಪ್ಯೂಟರ್‌ಗಿಂತ ಹಳೆಯದು. ಟೆಲಿಪ್ರಿಂಟರ್ ಕಾಲದಲ್ಲಿ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ತಮ್ಮ ಸ್ಟೇಷನ್ನಿನ ವಿವರವನ್ನೆಲ್ಲ ಕಾಗದದ ಪಟ್ಟಿಯ ಮೇಲೆ ತೂತು ಹೊಡೆದು ಇಟ್ಟುಕೊಳ್ಳುತ್ತಿದ್ದರು. ಪಟ್ಟಿಯನ್ನು ರೀಡರ್‌ಗೆ ಹಾಕಿದರೆ ಯಂತ್ರ ತಾನಾಗಿ ಕಳಿಸುತ್ತಿತ್ತು. ಬ್ರ್ಯಾಗ್ ಟೇಪ್ ಅನ್ನುವ ಹೆಸರು ಅಲ್ಲಿಂದ ಬಂದದ್ದು, ಇವತ್ತಿಗೂ ಉಳಿದಿದೆ. ಟೆಲಿಟೈಪ್ ಯಂತ್ರಗಳಲ್ಲಿ ಹಿಯರ್‌ಈಸ್ ಅಂತ ಒಂದು ಕೀ ಕೂಡ ಇತ್ತು. ಅದನ್ನು ಒತ್ತಿದರೆ ಒಳಗಿನ ಚಿಕ್ಕ ಡ್ರಮ್ ಒಂದು ಸುತ್ತು ತಿರುಗಿ, ಆ ಯಂತ್ರದ ಗುರುತನ್ನು ಕಳಿಸುತ್ತಿತ್ತು. ಡ್ರಮ್‌ನ ಹಲ್ಲುಗಳನ್ನು ಮುರಿದು ಗುರುತು ಬರೆಯಬೇಕಿತ್ತು, ಒಮ್ಮೆ ಮುರಿದರೆ ಮುಗಿಯಿತು. ಪಿಕೆ-232 ಅದೇ ಹಿಯರ್‌ಈಸ್ ಹೆಸರನ್ನು ಉಳಿಸಿಕೊಂಡಿತು. ಕಂಟ್ರೋಲ್-ಬಿ ಒತ್ತಿದರೆ ನೀವು ತುಂಬಿಟ್ಟ ಆನ್ಸರ್‌ಬ್ಯಾಕ್, ಅಂದರೆ ನಿಮ್ಮ ಗುರುತಿನ ಸಂದೇಶ, ಹೋಗುತ್ತದೆ.

ಈಗ ಉದ್ದದ ವಿಷಯ. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಸಾಮಾನ್ಯ ಆರ್‌ಟಿಟಿವೈ 45.45 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 45.45 ಬಿಟ್ ವೇಗದಲ್ಲಿ, ನಡೆಯುತ್ತದೆ. ಒಂದು ಸ್ಟಾರ್ಟ್, ಐದು ಡೇಟಾ, ಒಂದೂವರೆ ಸ್ಟಾಪ್ ಬಿಟ್ ಲೆಕ್ಕ ಹಾಕಿದರೆ ಒಂದು ಅಕ್ಷರಕ್ಕೆ ಸುಮಾರು 165 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಆರು ಅಕ್ಷರ. 600 ಅಕ್ಷರದ ಬ್ರ್ಯಾಗ್ ಟೇಪ್ ಹೋಗಿ ಮುಗಿಯುವುದಕ್ಕೆ 100 ಸೆಕೆಂಡ್ ಬೇಕು. ಪರದೆಯ ಮೇಲೆ ನೋಡಿದರೆ ಅದು ಹತ್ತು ಸಾಲೂ ಇಲ್ಲ! ಬರೆಯುವಾಗ ಪುಟ್ಟದಾಗಿ ಕಂಡದ್ದು ಎದುರಿನವರಿಗೆ ಒಂದೂವರೆ ನಿಮಿಷಕ್ಕೂ ಮೀರಿದ ಕಾಯುವಿಕೆ. ನಡುವೆ ಸಿಗ್ನಲ್ ಕುಸಿದರೆ, ಅಥವಾ ಯಾರೋ ಅದೇ ಫ್ರೀಕ್ವೆನ್ಸಿಯಲ್ಲಿ ನಿಮ್ಮ ಮೇಲೆ ಬಂದು ಕೂತರೆ, ಅವರು ಅದನ್ನು ನಿಮಗೆ ಹೇಳುವ ದಾರಿಯೂ ಇಲ್ಲ. ನೀವು ಮುಗಿಸುವ ತನಕ ಅವರು ಸುಮ್ಮನಿರಬೇಕು.

ಇನ್ನೊಂದು ಕಾರಣ ರಿಗ್. ಎಸ್‌ಎಸ್‌ಬಿಯಲ್ಲಿ (ಧ್ವನಿ ಕಳಿಸುವ ವಿಧಾನ) ಮಾತಾಡುವಾಗ ಪವರ್ ಏರುತ್ತಾ ಇಳಿಯುತ್ತಾ ಇರುತ್ತದೆ, ಪದಗಳ ನಡುವೆ ಫೈನಲ್‌ಗೆ (ರಿಗ್ಗಿನ ಕೊನೆಯ ಪವರ್ ಹಂತ) ಉಸಿರಾಡಲು ಸಮಯ ಸಿಗುತ್ತದೆ. ಆರ್‌ಟಿಟಿವೈನಲ್ಲಿ ಹಾಗಲ್ಲ, ಪಿಟಿಟಿ (ಪ್ರಸಾರದ ಸ್ವಿಚ್) ಒತ್ತಿದ ಕ್ಷಣದಿಂದ ಬಿಡುವ ತನಕ ಪೂರ್ತಿ ಪವರ್. 100 ವಾಟ್‌ನ ರಿಗ್ ಅನ್ನು ಆರ್‌ಟಿಟಿವೈನಲ್ಲಿ 50 ವಾಟ್ ಆಸುಪಾಸಿಗೆ ಇಳಿಸಿಕೊಳ್ಳುವುದು ಅದಕ್ಕೇ. ಕೈಯಲ್ಲಿ ಟೈಪ್ ಮಾಡುವವರು ಬೇಗ ದಣಿಯುತ್ತಾರೆ, ಬಫರ್ ದಣಿಯುವುದಿಲ್ಲ, ಬಿಸಿಯಾಗುವುದು ರಿಗ್.

ಹಾಗಾಗಿ ತುಂಡು ಮಾಡಿ. ಸಿಕ್ಯೂ, ಅಂದರೆ ಯಾರಾದರೂ ಉತ್ತರಿಸಿ ಅನ್ನುವ ಕರೆ, ಒಂದು ಬಫರ್. ಅವರ ಕಾಲ್‌ಸೈನ್, ಡಿಇ (ಇವರಿಂದ ಅನ್ನುವ ಸಂಕೇತ), ನಮ್ಮ ಕಾಲ್‌ಸೈನ್ ಇರುವ ಆರಂಭ ಇನ್ನೊಂದು. ಹೆಸರು ಮತ್ತು ಊರು ಬೇರೆ, ರಿಗ್ ಮತ್ತು ಆಂಟೆನಾ ಬೇರೆ, ಮುಕ್ತಾಯ ಬೇರೆ. ರಿಗ್ಗಿನ ವಿವರ ಕೇಳಿದರೆ ಮಾತ್ರ ಆ ಕೀ ಒತ್ತಿ. ಸಿಗ್ನಲ್ ರಿಪೋರ್ಟ್ ಅನ್ನು ಬಫರ್‌ನಲ್ಲಿ ಇಡಲೇಬೇಡಿ. ಕಾಂಟೆಸ್ಟ್‌ನಲ್ಲಿ (ಹೆಚ್ಚು ಸಂಪರ್ಕ ಗಳಿಸುವ ಸ್ಪರ್ಧೆ) ಎಲ್ಲರಿಗೂ 599, ಅಂದರೆ ಅತ್ಯುತ್ತಮ ಸಿಗ್ನಲ್ ಅಂತ, ಕೊಡುವುದು ರೂಢಿ, ಅಲ್ಲಿ ಪರವಾಗಿಲ್ಲ. ಉಳಿದ ಸಮಯದಲ್ಲಿ ರಿಪೋರ್ಟ್ ಅನ್ನುವುದು ಎದುರಿನವರು ನಿಮ್ಮಿಂದ ತಿಳಿಯಬೇಕಾದ ಒಂದೇ ಒಂದು ತಾಂತ್ರಿಕ ಸಂಗತಿ. ನೀವು ಕೇಳಿಸಿಕೊಂಡದ್ದನ್ನು ನೀವೇ ಟೈಪ್ ಮಾಡಿ. ಅವರ ಹೆಸರು ಕೂಡ ಹಾಗೇ.

ಮೊದಲೂ ಕೊನೆಯೂ ಹೇಗಿರಬೇಕು ಅನ್ನುವುದನ್ನೂ ಹೇಳುತ್ತೇನೆ. ಸಿಗ್ನಲ್ ಇಲ್ಲದಾಗ ಎದುರಿನವರ ಪರದೆಯಲ್ಲಿ ಗದ್ದಲದ ಅಕ್ಷರಗಳು ಓಡುತ್ತಲೇ ಇರುತ್ತವೆ. ನಿಮ್ಮ ಸಂದೇಶ ಹೊಸ ಸಾಲಿನಿಂದ ಶುರುವಾಗಲಿ, ಆಗ ಆ ಕಸದಿಂದ ಬೇರೆಯಾಗಿ ಕಾಣುತ್ತದೆ. ಪಿಟಿಟಿ ರಿಲೇ ಕೂರುವ ಹೊತ್ತಿಗೆ ಮೊದಲ ಒಂದೆರಡು ಅಕ್ಷರ ಕಳೆದುಹೋಗುವುದೂ ಉಂಟು. ಆ ಹೊಸ ಸಾಲಿನ ಕೋಡ್‌ಗಳು ಕಳೆದುಹೋದರೆ ನಷ್ಟ ಕಡಿಮೆ, ಕಾಲ್‌ಸೈನ್‌ನ ಮೊದಲಕ್ಷರ ಹೋದರೆ ಕಷ್ಟ. ಕೊನೆಯಲ್ಲಿ ಒಂದು ಖಾಲಿ ಜಾಗ ಬಿಡಿ, ಇಲ್ಲದಿದ್ದರೆ ನಿಮ್ಮ ಕೊನೆಯ ಅಕ್ಷರಕ್ಕೆ ಗದ್ದಲದ ಅಕ್ಷರ ಅಂಟಿಕೊಂಡು ಕಾಲ್‌ಸೈನ್ ಬೇರೆಯೇ ಆಗಿ ಕಾಣುತ್ತದೆ. ಕಾಂಟೆಸ್ಟ್ ಸಿಕ್ಯೂ ಆದರೆ ಕೊನೆಯ ಪದ ಸಿಕ್ಯೂ ಅಂತಲೇ ಇರಲಿ. ಡಯಲ್ ತಿರುಗಿಸುತ್ತಾ ಬಂದವರು ನಿಮ್ಮ ಸಂದೇಶದ ಬಾಲವನ್ನಷ್ಟೇ ಓದಿರಬಹುದು. ನೀವು ಕರೆಯುತ್ತಿದ್ದೀರೋ, ಯಾರಿಗೋ ಉತ್ತರ ಕೊಡುತ್ತಿದ್ದೀರೋ ಅಂತ ಅವರಿಗೆ ಆ ಒಂದು ಪದದಿಂದಲೇ ಗೊತ್ತಾಗುತ್ತದೆ.

ಸಂದೇಶ ಮುಗಿದ ಮೇಲೆ ರಿಸೀವ್‌ಗೆ ಮರಳಿಸುವ ಕೋಡ್ ಅನ್ನು ಬಫರ್ ಒಳಗೇ ಹಾಕಬಹುದು, ಪಿಕೆ-232ರಲ್ಲಿ ಅದು ಕಂಟ್ರೋಲ್-ಡಿ. ಸಿಕ್ಯೂ ಬಫರ್‌ಗೆ ಇದು ಬೇಕೇ ಬೇಕು. ಆರಂಭದ ಬಫರ್‌ನಲ್ಲಿ ಇರಲೇಬಾರದು, ಯಾಕಂದರೆ ಅದರ ಹಿಂದೆಯೇ ನೀವು ಟೈಪ್ ಮಾಡಿದ ಮಾತು ಹೋಗಬೇಕು. ಮುಕ್ತಾಯದ ಬಫರ್‌ನಲ್ಲಿ ಮತ್ತೆ ಬೇಕು. ಯಾವ ಬಫರ್ ರಿಗ್ಗನ್ನು ರಿಸೀವ್‌ಗೆ ಬಿಡುತ್ತದೆ, ಯಾವುದು ಪ್ರಸಾರದಲ್ಲೇ ಹಿಡಿದುಕೊಂಡಿರುತ್ತದೆ ಅನ್ನುವುದು ನಿಮಗೆ ಬಾಯಿಪಾಠ ಆಗಿರಬೇಕು.

ಅಂಕಿಗಳ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆರ್‌ಟಿಟಿವೈ ಬಳಸುವ ಬಾಡೋ ಕೋಡ್‌ನಲ್ಲಿ ಐದೇ ಬಿಟ್, ಅಂದರೆ 32 ಸಂಯೋಜನೆ. ಅಕ್ಷರವೂ ಅಂಕಿಯೂ ಅದರಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಲೆಟರ್ಸ್, ಫಿಗರ್ಸ್ ಅಂತ ಎರಡು ಶಿಫ್ಟ್ ಕೋಡ್ ಇವೆ. ಫಿಗರ್ಸ್ ಬಂದ ಮೇಲೆ ಬರುವುದೆಲ್ಲ ಅಂಕಿ ಮತ್ತು ಚಿಹ್ನೆ, ಲೆಟರ್ಸ್ ಬಂದ ಮೇಲೆ ಬರುವುದೆಲ್ಲ ಅಕ್ಷರ. ಆ ಶಿಫ್ಟ್ ಕೋಡ್ ಒಂದೇ ಗದ್ದಲದಲ್ಲಿ ಕಳೆದುಹೋದರೆ 599 ಬದಲು ಟಿಓಓ ಅಂತ ಬರುತ್ತದೆ. ಇದಕ್ಕೆ ಪರಿಹಾರವಾಗಿ ಯುಎಸ್‌ಓಎಸ್ ಅನ್ನುವ ವ್ಯವಸ್ಥೆ ಬಂತು. ಸ್ಪೇಸ್ ಬಂದ ತಕ್ಷಣ ರಿಸೀವರ್ ತಾನಾಗಿ ಅಕ್ಷರಕ್ಕೆ ಮರಳುತ್ತದೆ. ಮಾತಿಗೆ ಇದು ಒಳ್ಳೆಯದೇ, ಗದ್ದಲದಿಂದ ಹುಟ್ಟಿದ ಸುಳ್ಳು ಫಿಗರ್ಸ್ ಒಂದು ಪದಕ್ಕಿಂತ ಜಾಸ್ತಿ ಕೆಡಿಸುವುದಿಲ್ಲ. ಆದರೆ ನಿಮ್ಮ ಬಫರ್‌ನಲ್ಲಿ 599, ಸ್ಪೇಸ್, 001 (ಕಾಂಟೆಸ್ಟ್‌ನ ಸೀರಿಯಲ್ ನಂಬರ್) ಅಂತ ಇದ್ದು, ನಿಮ್ಮ ಕಂಟ್ರೋಲರ್ ಸ್ಪೇಸ್ ಆದ ಮೇಲೆ ಮತ್ತೆ ಫಿಗರ್ಸ್ ಕಳಿಸದಿದ್ದರೆ, ಅವರ ಪರದೆಯಲ್ಲಿ 001 ಹೋಗಿ ಪಿಪಿಕ್ಯೂ ಆಗುತ್ತದೆ. ಮತ್ತೆ ಕಳಿಸಿದರೆ ಸರಿ, ಆದರೆ ಪ್ರತಿ ಸ್ಪೇಸ್‌ಗೂ ಒಂದು ಅಕ್ಷರದ ಹೊತ್ತು ಹೆಚ್ಚು. ಸ್ಪೇಸ್ ಬದಲು ಹೈಫನ್ ಹಾಕಿ, 599-001-001 ಅಂತ. ಹೈಫನ್ ಫಿಗರ್ಸ್ ಕಡೆಯಲ್ಲೇ ಇದೆ, ಶಿಫ್ಟ್ ಕದಲುವುದಿಲ್ಲ. ಹೈಫನ್ ಬೇಡ, ಅದು ಓದುವುದಕ್ಕೆ ಅಡ್ಡ ಬರುತ್ತದೆ ಅನ್ನುವವರೂ ಇದ್ದಾರೆ. ನಾನು ಹೈಫನ್ ಕಡೆಗೇ. ಅಂದ ಹಾಗೆ ಟಿಓಓ ಬಂದರೆ ಗಾಬರಿಯಾಗಬೇಡಿ, ಕೀಬೋರ್ಡ್ ನೋಡಿ. ಕ್ಯೂ ಇಂದ ಪಿ ತನಕ ಇರುವ ಮೇಲಿನ ಸಾಲಿನ ಅಕ್ಷರಗಳು ಕ್ರಮವಾಗಿ 1ರಿಂದ 0ಗೆ ಸಮ. ಟಿ ಅಂದರೆ 5, ಓ ಅಂದರೆ 9. ಸೀರಿಯಲ್ ನಂಬರ್ ಮತ್ತೆ ಕೇಳದೆ ಬರೆದುಕೊಳ್ಳಬಹುದು.

ಆರ್‌ಟಿಟಿವೈನಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಇಲ್ಲ. ಹಾಗಾಗಿ ಹೆಸರು, ನಂಬರ್, ಕಾಲ್‌ಸೈನ್ ಎರಡೆರಡು ಸಲ ಬರೆಯುವುದು ಸರಿ. ಇದೇ ಬಫರ್ ಅನ್ನು ಆಮ್ಟರ್‌ಗೆ ಒಯ್ದರೆ ಆ ಪುನರಾವರ್ತನೆ ದಂಡ. ಆಮ್ಟರ್ ಅನ್ನು ರೂಪಿಸಿದ್ದು ಬ್ರಿಟನ್ನಿನ ಪೀಟರ್ ಮಾರ್ಟಿನೆಜ್, ಹಡಗುಗಳ ಸಿಟರ್ ವ್ಯವಸ್ಥೆಯನ್ನು ಹ್ಯಾಮ್‌ಗಳಿಗೆ ಒಗ್ಗಿಸಿದವರು. ಅದರ ಎಆರ್‌ಕ್ಯೂ ಮೋಡ್‌ನಲ್ಲಿ 450 ಮಿಲಿಸೆಕೆಂಡಿನ ಒಂದು ಸುತ್ತು. 210 ಮಿಲಿಸೆಕೆಂಡಿನಲ್ಲಿ ಮೂರು ಅಕ್ಷರ ಹೋಗುತ್ತದೆ, ಉಳಿದ ಹೊತ್ತಿನಲ್ಲಿ ಎದುರಿನ ಯಂತ್ರದ ಉತ್ತರಕ್ಕೆ ಕಿವಿಗೊಡುತ್ತದೆ. ತಪ್ಪಾಗಿದ್ದರೆ ಅದೇ ಮೂರು ಅಕ್ಷರ ಮತ್ತೆ. ಯಂತ್ರವೇ ಕೇಳಿ ಕೇಳಿ ತಿದ್ದಿಕೊಳ್ಳುತ್ತಿರುವಾಗ ನೀವು ಹೆಸರನ್ನು ಮೂರು ಸಲ ಕಳಿಸುವುದರಲ್ಲಿ ಅರ್ಥವಿಲ್ಲ.

ಆಮ್ಟರ್‌ನಲ್ಲಿ ಇನ್ನೂ ಒಂದು ಎಚ್ಚರ. ಪ್ಲಸ್ ಚಿಹ್ನೆ, ಅದರ ಹಿಂದೆಯೇ ಪ್ರಶ್ನಾರ್ಥಕ ಚಿಹ್ನೆ ಬಂದರೆ, ಈಗ ನೀನು ಕಳಿಸು ಅನ್ನುವ ಆಜ್ಞೆ ಅದು. ಲಿಂಕ್ ತಕ್ಷಣ ದಿಕ್ಕು ಬದಲಿಸುತ್ತದೆ. ನಿಮ್ಮ ಬಫರ್‌ನ ಮಧ್ಯದಲ್ಲಿ ಎಲ್ಲೋ ಆ ಎರಡು ಚಿಹ್ನೆ ಜೊತೆಯಾಗಿ ಬಂದುಬಿಟ್ಟರೆ, ಸಂದೇಶ ಅರ್ಧಕ್ಕೇ ನಿಂತು ಸರದಿ ಅವರಿಗೆ ಹೋಗುತ್ತದೆ. ಸಂದೇಶದ ಕೊನೆಯಲ್ಲಿ ಮಾತ್ರ ಅದು ಇರಲಿ. ಹಾಗೇ ಆಮ್ಟರ್ ಸಿಕ್ಯೂ ಬಫರ್‌ನಲ್ಲಿ ನಿಮ್ಮ ನಾಲ್ಕಕ್ಷರದ ಸೆಲ್‌ಕಾಲ್, ಅಂದರೆ ನಿಮ್ಮನ್ನು ಕರೆಯುವ ಕೋಡ್, ಇರಬೇಕು. ಅದಿಲ್ಲದೆ ಅವರು ನಿಮ್ಮ ಜೊತೆ ಲಿಂಕ್ ಮಾಡುವುದು ಹೇಗೆ?

ಪಿಎಸ್‌ಕೆ31 ಅನ್ನುವ ಇನ್ನೊಂದು ಮೋಡ್ ಬಗ್ಗೆ ಒಂದೇ ಮಾತು. ಇದೂ ಮಾರ್ಟಿನೆಜ್ ಅವರದೇ. ಇದರಲ್ಲಿ ಪ್ರತಿ ಅಕ್ಷರದ ಉದ್ದ ಬೇರೆ ಬೇರೆ. ಚಿಕ್ಕ ಇ ಎರಡೇ ಬಿಟ್, ದೊಡ್ಡ ಇ ಏಳು ಬಿಟ್. ಆರ್‌ಟಿಟಿವೈ ಅಭ್ಯಾಸದಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ತುಂಬಿಟ್ಟ ಬಫರ್ ಇಲ್ಲಿ ಸುಮ್ನೆ ತೆವಳುತ್ತದೆ. ಚಿಕ್ಕಕ್ಷರದಲ್ಲಿ ಮತ್ತೊಮ್ಮೆ ಬರೆದಿಟ್ಟುಕೊಳ್ಳಿ.

ಪ್ಯಾಕೆಟ್‌ನಲ್ಲಿ ಬಫರ್‌ನ ಸಮಸ್ಯೆಗಳೇ ಬೇರೆ ಥರ. ಕಾನ್ವರ್ಸ್ ಮೋಡ್‌ನಲ್ಲಿ (ಟೈಪ್ ಮಾಡಿ ಮಾತಾಡುವ ಸ್ಥಿತಿ) ಎಂಟರ್ ಒತ್ತಿದಾಗ ಪ್ಯಾಕೆಟ್ ಹೊರಡುತ್ತದೆ. ಕೊನೆಯಲ್ಲಿ ಎಂಟರ್ ಇಲ್ಲದ ಸಂದೇಶವನ್ನು ಕೀ ಒತ್ತಿ ಕಳಿಸಿದರೆ, ಅದು ಟಿಎನ್‌ಸಿ ಒಳಗೇ ಕೂತಿರುತ್ತದೆ. ನೀವು ಕಳಿಸಿದೆ ಅಂದುಕೊಂಡಿರುತ್ತೀರಿ, ಅವರು ಕಾಯುತ್ತಿರುತ್ತಾರೆ. ಉದ್ದದ ಸಂದೇಶ ಆದರೆ ಪ್ಯಾಕ್‌ಲೆನ್, ಅಂದರೆ ಒಂದು ಪ್ಯಾಕೆಟ್‌ಗೆ ಎಷ್ಟು ಅಕ್ಷರ ಅನ್ನುವ ಸೆಟ್ಟಿಂಗ್, ನೋಡಿ. ಸಾಮಾನ್ಯವಾಗಿ ಅದು 128 ಇರುತ್ತದೆ. ವಿಎಚ್‌ಎಫ್‌ನ 1200 ಬಾಡ್‌ನಲ್ಲಿ ಪರವಾಗಿಲ್ಲ. ಎಚ್‌ಎಫ್‌ನ (ಶಾರ್ಟ್‌ವೇವ್) 300 ಬಾಡ್‌ನಲ್ಲಿ 128 ಅಕ್ಷರ ಹೋಗುವುದಕ್ಕೆ ವಿಳಾಸದ ಭಾಗ ಬಿಟ್ಟರೂ ಮೂರು ಸೆಕೆಂಡಿಗಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಒಂದು ಬಿಟ್ ಕೆಟ್ಟರೂ ಇಡೀ ಪ್ಯಾಕೆಟ್ ಮತ್ತೆ ಕಳಿಸಬೇಕು. ಎಚ್‌ಎಫ್‌ನಲ್ಲಿ ಇದನ್ನು ಅರ್ಧಕ್ಕೋ ಇನ್ನೂ ಕಡಿಮೆಗೋ ಇಳಿಸಿ.

ಯಾರಾದರೂ ಕನೆಕ್ಟ್ ಆದಾಗ ತಾನಾಗಿ ಹೋಗುವುದು ಸಿಟೆಕ್ಸ್ಟ್. ಅದರಲ್ಲಿ ಹಳಸುವ ಮಾತು ಇಡಬೇಡಿ. ಐದು ನಿಮಿಷದಲ್ಲಿ ಬರುತ್ತೇನೆ ಅಂತ ಬರೆದಿಟ್ಟು ಎದ್ದು ಹೋದವರ ಸಿಟೆಕ್ಸ್ಟ್ ವಾರಗಟ್ಟಲೆ ಅದನ್ನೇ ಹೇಳುತ್ತಿರುವುದನ್ನು ಓದಿದ್ದೇನೆ. ಕನೆಕ್ಟ್ ಆದವರು ಪಾಪ, ನಿಜ ಅಂತ ಕಾಯುತ್ತಾರೆ.

ಬೀಕನ್ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಇದೆ. ಬೀಕನ್‌ನ ಸಂದೇಶ ಇರುವ ಬಿಟೆಕ್ಸ್ಟ್‌ನಲ್ಲಿ ಏನೋ ತುಂಬಿಟ್ಟು ಬೀಕನ್ ಆನ್ ಮಾಡಿದರೆ, ಟಿಎನ್‌ಸಿ ನಿಮ್ಮನ್ನು ಕೇಳದೆ ಅದನ್ನು ಕಳಿಸುತ್ತಲೇ ಇರುತ್ತದೆ. ಚಾನೆಲ್ ಎಲ್ಲರದೂ. ಟಿಎನ್‌ಸಿ-2ರಲ್ಲಿ ಬೀಕನ್ ಎವರಿ ಮುಂದೆ ಕೊಡುವ ಸಂಖ್ಯೆ ನಿಮಿಷ ಅಲ್ಲ, ಹತ್ತು ಸೆಕೆಂಡಿನ ಘಟಕ. ಹತ್ತು ನಿಮಿಷಕ್ಕೊಮ್ಮೆ ಬೇಕಾದರೆ 60 ಕೊಡಬೇಕು. 10 ಅಂತ ಕೊಟ್ಟರೆ 100 ಸೆಕೆಂಡಿಗೊಮ್ಮೆ ಹೋಗುತ್ತದೆ, ಅದೂ ಡಿಜಿಪೀಟರ್ (ಪ್ಯಾಕೆಟ್ ಮರುಪ್ರಸಾರ ಮಾಡುವ ಸ್ಟೇಷನ್) ಮೂಲಕ ಆದರೆ ಅಷ್ಟು ಸಲ ಇನ್ನೊಂದು ಕಡೆಯಿಂದಲೂ. ಬೀಕನ್‌ಗೆ ಹೇಳುವ ವಿಷಯ ಇದ್ದರೆ ಇಡಿ, ಇಲ್ಲದಿದ್ದರೆ ಆಫ್ ಮಾಡಿ. ನಾನು ಇಲ್ಲಿದ್ದೇನೆ ಅನ್ನುವುದೊಂದೇ ವಿಷಯ ಆಗಿದ್ದರೆ ಅರ್ಧ ಗಂಟೆಗೊಮ್ಮೆ ಸಾಕು.

ಮಾತಿನ ಮಧ್ಯೆ ಒಬ್ಬರು ಕೇಳಿದರು, "ಸರ್, ಪೂರ್ತಿ ಸಂಪರ್ಕವನ್ನು ಬಫರ್‌ನಲ್ಲೇ ಮುಗಿಸಿದರೆ ಏನು ತಪ್ಪು? ನನಗೆ ಟೈಪಿಂಗ್ ನಿಧಾನ." ಒಳ್ಳೆಯ ಪ್ರಶ್ನೆ. ಕಾಂಟೆಸ್ಟ್‌ನಲ್ಲಿ ಏನೂ ತಪ್ಪಿಲ್ಲ, ಅಲ್ಲಿ ಅದೇ ಸರಿ. ಉಳಿದ ಕಡೆ, ನಿಧಾನಕ್ಕೆ ಟೈಪ್ ಮಾಡುವುದರಿಂದ ಯಾರಿಗೂ ತೊಂದರೆ ಇಲ್ಲ. ನೀವು ಅಕ್ಷರ ಹುಡುಕುತ್ತಿರುವಾಗ ಕಂಟ್ರೋಲರ್ ಡಿಡಲ್ (ಏನೂ ಅಚ್ಚಾಗದ ಖಾಲಿ ಕೋಡ್) ಕಳಿಸುತ್ತಾ ಸಿಗ್ನಲ್ ಹಿಡಿದುಕೊಂಡಿರುತ್ತದೆ, ಎದುರಿನವರ ಟ್ಯೂನಿಂಗ್ ತಪ್ಪುವುದಿಲ್ಲ. ಅವರು ತಮ್ಮ ಆಂಟೆನಾ ಬಿದ್ದುಹೋದ ವಿಷಯ ಬರೆದಿದ್ದು, ನೀವು ಅದಕ್ಕೆ ಉತ್ತರವಾಗಿ ನಿಮ್ಮ ರಿಗ್ಗಿನ ಪಟ್ಟಿ ಕಳಿಸಿದರೆ ಅವರಿಗೆ ಹೇಗನ್ನಿಸುತ್ತದೆ? ಒಂದು ಸಾಲು, ಅದು ತಪ್ಪು ಸ್ಪೆಲ್ಲಿಂಗ್‌ನಲ್ಲಿದ್ದರೂ, ನೀವು ಓದಿದ್ದೀರಿ ಅಂತ ಅವರಿಗೆ ತಿಳಿಸುತ್ತದೆ. ನಿಧಾನದ ಟೈಪಿಂಗ್‌ಗೆ ಟ್ರಾನ್ಸ್‌ಮಿಟ್ ಬಫರ್ ಇದೆಯಲ್ಲ, ಅವರು ಕಳಿಸುವಾಗಲೇ ಉತ್ತರ ಬರೆಯಲು ಶುರು ಮಾಡಿ.

ಇನ್ನೊಬ್ಬರು ಬ್ಯಾಟರಿ ಬಗ್ಗೆ ಕೇಳಿದರು. ಟಿಎನ್‌ಸಿ-2 ಥರದ ಪೆಟ್ಟಿಗೆಗಳಲ್ಲಿ ನಿಮ್ಮ ಸೆಟ್ಟಿಂಗ್ ಮತ್ತು ಸಂದೇಶ ಎಲ್ಲ ರ‍್ಯಾಮ್‌ನಲ್ಲಿ ಇರುತ್ತವೆ. ವಿದ್ಯುತ್ ಇಲ್ಲದಾಗ ಅದನ್ನು ಉಳಿಸುವುದು ಒಳಗಿನ ಚಿಕ್ಕ ಲಿಥಿಯಂ ಬ್ಯಾಟರಿ. ಹಳೆಯ ಪೆಟ್ಟಿಗೆ ಕೊಂಡವರು ಮೊದಲು ಅದರ ವೋಲ್ಟೇಜ್ ನೋಡಿ. ಅದು ಸತ್ತರೆ ಎಲ್ಲವೂ ಕಾರ್ಖಾನೆಯ ಮೌಲ್ಯಕ್ಕೆ ಮರಳುತ್ತದೆ, ಕಾಲ್‌ಸೈನ್ ಜಾಗದಲ್ಲಿ ನೋಕಾಲ್ ಅಂತ ಇರುತ್ತದೆ. ಅದನ್ನು ಗಮನಿಸದೆ ಕನೆಕ್ಟ್ ಕೊಟ್ಟರೆ ನೋಕಾಲ್ ಅನ್ನುವ ಹೆಸರಿನಲ್ಲೇ ಪ್ಯಾಕೆಟ್ ಹೋಗುತ್ತದೆ, ಅದು ನಿಯಮಕ್ಕೆ ವಿರುದ್ಧ. ಅಂತರರಾಷ್ಟ್ರೀಯ ರೇಡಿಯೊ ನಿಯಮಗಳ ಪ್ರಕಾರ ಹವ್ಯಾಸಿ ಸ್ಟೇಷನ್ ತನ್ನ ಕಾಲ್‌ಸೈನ್ ಅನ್ನು ಆಗಾಗ ಕಳಿಸುತ್ತಿರಲೇಬೇಕು. ಪವರ್ ಆನ್ ಮಾಡಿದಾಗಲೆಲ್ಲ ಮೈಕಾಲ್ ಅಂತ ಟೈಪ್ ಮಾಡಿ ನಿಮ್ಮ ಕಾಲ್‌ಸೈನ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಹೊಸ ಬಫರ್ ತುಂಬಿದ ಮೇಲೆ ಆಂಟೆನಾ ತೆಗೆದು ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ಸಾಧನ) ಹಾಕಿ, ಪವರ್ ಇಳಿಸಿ, ಪಕ್ಕದಲ್ಲಿ ಇನ್ನೊಂದು ರಿಸೀವರ್ ಇಟ್ಟು ಓದಿ ನೋಡಿ. ಸೆಕೆಂಡ್ ಎಣಿಸಿ. ರಿಗ್ ತಾನಾಗಿ ರಿಸೀವ್‌ಗೆ ಬಂತಾ, ಸಾಲು ಎಲ್ಲಿ ಮುರಿಯಿತು, ಹೈಫನ್ ಸರಿ ಬಂತಾ ಅಂತ ಗಮನಿಸಿ. 15 ಸೆಕೆಂಡಿಗಿಂತ ಜಾಸ್ತಿ ಹೋಗುವ ಆರ್‌ಟಿಟಿವೈ ಬಫರ್ ಇದ್ದರೆ ಅದನ್ನು ಎರಡು ಮಾಡಿ.

ಎಲ್ಲ ಮೋಡ್‌ಗೂ ಒಂದೇ ಕೀ ಕ್ರಮ ಇಟ್ಟುಕೊಳ್ಳಿ. ಸಿಕ್ಯೂ ಒಂದು ತುದಿ, ಮುಕ್ತಾಯ ಇನ್ನೊಂದು ತುದಿ, ಪಕ್ಕಪಕ್ಕ ಬೇಡ. ತುಂಬಿದ ಸಂದೇಶಗಳನ್ನು ಮೋಡ್ ಪ್ರಕಾರ ಒಂದು ಹಾಳೆಯಲ್ಲಿ ಬರೆದು, ಯಾವುದರಲ್ಲಿ ರಿಸೀವ್ ಕೋಡ್ ಇದೆ ಅಂತ ಗುರುತು ಹಾಕಿ ರಿಗ್ ಪಕ್ಕದಲ್ಲಿ ಅಂಟಿಸಿ. ಬ್ಯಾಟರಿ ಸತ್ತ ದಿನ ಮತ್ತೆ ತುಂಬುವುದಕ್ಕೂ ಅದೇ ಹಾಳೆ ಬೇಕಾಗುತ್ತದೆ.